ಡಾಕ್ಟರ್ ಬೂದಿಯ ಅಮ್ಮ ಸತ್ತದ್ದು

ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಎಲ್ಲರೂ ದೊಡ್ಡವಳು ಎಂದೇ ಕರೆದರು. ಚಿಕ್ಕವಳಿಗೆ ಮಾತ್ರ ಗುಬ್ಬಿ ಎಂಬ ಹೆಸರು ಅಂಟಿಕೊಂಡಿತು. ಅದರಲ್ಲೇ ಏನೋ ತಾರತಮ್ಯ ಇದೆಯೆಂದು ದೊಡ್ಡವಳಿಗೆ ಚಿಕ್ಕಂದಿನಿಂದಲೂ ಅನ್ನಿಸುತ್ತಿತ್ತು. ತನಗೆ ಸಿಕ್ಕಿದ್ದು ಸ್ಥಾನ, ತಂಗಿಗೆ ಸಿಕ್ಕಿದ್ದು ಮುದ್ದು.

ದೊಡ್ಡವಳು ಒಂದು ಕಾರ್ಟೂನ್ ಕಂಪನಿಯಲ್ಲಿ ಕಥೆ, ಸಂಭಾಷಣೆ ಬರೆಯುತ್ತಿದ್ದಳು. ಅವಳು ಬರೆಯುತ್ತಿದ್ದ ಧಾರಾವಾಹಿಯ ಹೆಸರು ‘ಖಳರ ವಠಾರ’. ಭಾನುವಾರ ಬೆಳಗ್ಗೆ ಟೀವಿಯಲ್ಲಿ ಬರುತ್ತಿತ್ತು. ಕಾಮಿಕ್ಸ್ ಪುಸ್ತಕಗಳಲ್ಲಿ ಹೀರೋನ ಕೈಯಲ್ಲಿ ಒದೆ ತಿಂದು ತಿಂದು ಕೊನೆಗೆ ಕೆಲಸವನ್ನೇ ಕಳೆದುಕೊಂಡ ವಿಲನ್‌ಗಳೆಲ್ಲ ಒಂದು ಹಳೆಯ ವಠಾರದಲ್ಲಿ ಬಾಡಿಗೆಗಿದ್ದಾರೆ. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಬೆಳಗ್ಗೆ ಎದ್ದು ನಲ್ಲಿಯ ಮುಂದೆ ಕಿತ್ತಾಡುತ್ತಾರೆ, ಮಧ್ಯಾಹ್ನ ಲೋಕ ನಾಶ ಮಾಡಲು ಹೊರಡುತ್ತಾರೆ, ಸಂಜೆ ಮೂತಿ ಊದಿಸಿಕೊಂಡು ವಾಪಸಾಗುತ್ತಾರೆ. ಅವರಲ್ಲಿ ಮುಖ್ಯನಾದವನು ಡಾಕ್ಟರ್ ಬೂದಿ. ಭೂಮಿಯನ್ನೆಲ್ಲ ಸುಟ್ಟು ಬೂದಿ ಮಾಡುವ ಯಂತ್ರ ಕಟ್ಟಿಕೊಂಡವನು. ಆದರೆ ಪಾಪ, ಸ್ವಲ್ಪ ಧೂಳು ಎದ್ದರೂ ಸೀನಿ ಸೀನಿ ಸುಸ್ತಾಗುವವನು.

ಇಂಥ ಕಥೆಗಳಿಗೆ ಸವೆದು ನುಣ್ಣಗಾದ ಕೆಲವು ವರಸೆಗಳಿವೆ. ವಿಲನ್ ಆದವನು ಹೀರೋನನ್ನು ಕಟ್ಟಿಹಾಕಿದ ತಕ್ಷಣ ಕೊಲ್ಲುವಂತಿಲ್ಲ, ಮೊದಲು ತನ್ನ ಯೋಜನೆಯನ್ನೆಲ್ಲ ಬಿಡಿಸಿ ಬಿಡಿಸಿ ಹೇಳಬೇಕು. ಯಂತ್ರಕ್ಕೆ ಕುರುಡನಿಗೂ ಕಾಣುವಷ್ಟು ದೊಡ್ಡ ಕೆಂಪು ಗುಂಡಿ ಇರಬೇಕು. ಚೇಲಾ ದಡ್ಡನಾಗಿರಬೇಕು, ಆದರೆ ಮನಸ್ಸು ಬೆಣ್ಣೆಯಂತಿರಬೇಕು. ಕೆಟ್ಟವನಿಗೆ ಬಾಲ್ಯದಲ್ಲಿ ಯಾವುದೋ ಪೆಟ್ಟು ಬಿದ್ದಿರಬೇಕು. ಎತ್ತರದಿಂದ ಬಿದ್ದವನ ಹೆಣ ತೋರಿಸದಿದ್ದರೆ ಅವನು ಸತ್ತಿಲ್ಲ ಎಂದೇ ಅರ್ಥ. ದೊಡ್ಡವಳು ಇವನ್ನು ಅರೆದು ಕುಡಿದಿದ್ದಳು. ಮುರಿಯುತ್ತಿರಲಿಲ್ಲ, ಸ್ವಲ್ಪ ಬಗ್ಗಿಸುತ್ತಿದ್ದಳು ಅಷ್ಟೆ. ಡಾಕ್ಟರ್ ಬೂದಿಯ ಭಾಷಣ ಎಷ್ಟು ಉದ್ದವೆಂದರೆ ಕಟ್ಟಿಹಾಕಿದ ಹೀರೋ ಗೊರಕೆ ಹೊಡೆಯುತ್ತಾನೆ, ಯಂತ್ರದ ಬ್ಯಾಟರಿ ಖಾಲಿಯಾಗುತ್ತದೆ. ಆ ಭಾಷಣಗಳನ್ನು ಬರೆಯುವುದೆಂದರೆ ಅವಳಿಗೆ ಪ್ರಾಣ. ವಾರವಿಡೀ ತಿದ್ದುತ್ತಿದ್ದಳು, ಬಚ್ಚಲಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಧ್ವನಿಮುದ್ರಣಕ್ಕೆ ಬರಬೇಕಿದ್ದ ಕಲಾವಿದೆಯೊಬ್ಬಳು ಗಂಟಲು ಕಟ್ಟಿದೆಯೆಂದು ಬರಲಿಲ್ಲ. ಪಾತ್ರವೇನೂ ದೊಡ್ಡದಲ್ಲ. ಡಾಕ್ಟರ್ ಬೂದಿಯ ಅಮ್ಮ ಮಗನನ್ನು ನೋಡಲು ಬರುತ್ತಾಳೆ, ಬಾಗಿಲು ತಟ್ಟುತ್ತಾಳೆ, ಒಳಗೆ ಕಟ್ಟಿಹಾಕಿದವನನ್ನು ಕಂಡು ‘ಆಮೇಲೆ ಬರ್ತೀನಿ’ ಎಂದು ಹೋಗುತ್ತಾಳೆ. ಅಷ್ಟೇ. ಅದೇ ಹೊತ್ತಿಗೆ ಗುಬ್ಬಿ, ಅಕ್ಕ ಮನೆಯಲ್ಲಿ ಮರೆತುಬಂದ ಕನ್ನಡಕವನ್ನು ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸದಲ್ಲಿದ್ದಳು. ಹಲ್ಲುನೋವಿನವರನ್ನೂ ನಗಿಸುತ್ತಾಳೆಂದು ಅಲ್ಲಿ ಅವಳಿಗೆ ಒಳ್ಳೆಯ ಹೆಸರು.

“ನಾಲ್ಕು ಮಾತು ಹೇಳ್ತೀರಾಮ್ಮ? ಸುಮ್ನೆ ಓದಿದ್ರೆ ಸಾಕು” ಎಂದ ನಿರ್ದೇಶಕ.

“ಅಯ್ಯೋ, ನಂಗೇನು ಬರುತ್ತೆ ಸಾರ್” ಎನ್ನುತ್ತಲೇ ಗುಬ್ಬಿ ಚಪ್ಪಲಿ ಬಿಟ್ಟು ಗಾಜಿನ ಕೋಣೆಯೊಳಗೆ ಹೋದಳು.

ಕೆಂಪು ದೀಪ ಹತ್ತಿತು. ದೊಡ್ಡವಳು ಗಾಜಿನ ಈಚೆ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದಳು. ಒಳಗಿನಿಂದ ಬಂದ ದನಿ ಕೇಳಿ ಅವಳ ಕೈ ನಿಂತಿತು. ಅದು ಅವರ ಅಮ್ಮನ ದನಿ. ಯಾರೋ ಎದುರು ವಾದಿಸಿದವರಂತೆ ಪ್ರತಿ ಮಾತಿಗೂ ಮೊದಲು ಬರುವ ಆ ಸಣ್ಣ ‘ಹ್ಞೂಂ’ ಸಮೇತ.

“ಹ್ಞೂಂ, ಬಾಗಿಲು ತೆಗಿಯೋ. ಯಾರಿದು, ಕಟ್ಟಿಹಾಕಿದ್ದೀಯ?” ಎಂದ ಗುಬ್ಬಿ ಅಲ್ಲಿಗೆ ನಿಲ್ಲಿಸಲಿಲ್ಲ. “ನೀರಾದ್ರೂ ಕೊಟ್ಟಿದ್ದೀಯಾ ಆ ಹುಡುಗನಿಗೆ? ಮನೆಗೆ ಬಂದವರನ್ನ ಹೀಗಾ ನೋಡ್ಕೊಳ್ಳೋದು? ಹ್ಞೂಂ, ನಿಮ್ಮಪ್ಪನೂ ಹೀಗೇ. ಲೋಕನೇ ಸುಡ್ತೀನಿ ಅಂತ ಹೊರಟ್ರು, ಒಂದು ಒಲೆ ಹಚ್ಚೋಕೆ ಬರ್ತಿರಲಿಲ್ಲ.”

ಧ್ವನಿಮುದ್ರಣದವನು ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಗ್ಗಿದ. ನಿರ್ದೇಶಕ ಕಣ್ಣೊರೆಸಿಕೊಂಡ. ಡಾಕ್ಟರ್ ಬೂದಿಗೆ ದನಿ ಕೊಡುವ ಹಿರಿಯ ನಟ, ಎಂದೂ ನಗದವರು, ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ದೊಡ್ಡವಳೂ ನಕ್ಕಳು. ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ನಕ್ಕಳು. ಆ ಮಾತು ತನ್ನದಲ್ಲ, ತಾನು ಬರೆದದ್ದು ‘ಆಮೇಲೆ ಬರ್ತೀನಿ’ ಎಂಬುದಷ್ಟೇ ಎನ್ನುವುದು ಹಲ್ಲಿನ ಸಂದಿನಲ್ಲಿ ಸಿಕ್ಕಿದ ನಾರಿನಂತೆ ಆ ದಿನವಿಡೀ ಅವಳನ್ನು ಕಾಡಿತು.

ಆ ಕಂತು ಪ್ರಸಾರವಾದ ಭಾನುವಾರ ಇನ್ನೊಂದು ನಡೆಯಿತು. ಅಮ್ಮ ಪ್ರತಿ ವಾರ ‘ಖಳರ ವಠಾರ’ ನೋಡುತ್ತಿದ್ದಳು, ಆದರೆ ಒಗೆದ ಬಟ್ಟೆಯ ರಾಶಿ ಪಕ್ಕದಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಮಡಿಸುತ್ತ ಕೂತಿರುತ್ತಿದ್ದಳು. ಮುಗಿದ ಮೇಲೆ “ಚೆನ್ನಾಗಿದೆ ಕಣೆ” ಎನ್ನುತ್ತಿದ್ದಳು. ನಕ್ಕದ್ದನ್ನು ಮಾತ್ರ ದೊಡ್ಡವಳು ಒಮ್ಮೆಯೂ ಕಂಡಿರಲಿಲ್ಲ. ಅಂದು ಗುಬ್ಬಿಯ ‘ಹ್ಞೂಂ’ ಕೇಳಿದ್ದೇ ತಡ, ಅಮ್ಮನ ಕೈಯಿಂದ ಟವೆಲು ಜಾರಿತು. “ಅಯ್ಯೋ ನಿನ್ನ! ನನ್ನನ್ನೇ ಅಣಕಿಸ್ತಾಳೆ ನೋಡೆ ಇವಳು!” ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗುಬ್ಬಿಯ ಬೆನ್ನಿಗೆ ಒಂದು ಗುದ್ದು ಹಾಕಿದಳು. ಆ ಗುದ್ದು ತನಗೆ ಬಿದ್ದಿದ್ದರೆ ಎಂದು ದೊಡ್ಡವಳಿಗೆ ಅನ್ನಿಸಿತು. ಇಷ್ಟು ವಯಸ್ಸಾದ ಮೇಲೆ ಇದೆಂಥ ಆಸೆ ಎಂದು ತನ್ನ ಮೇಲೆಯೇ ನಾಚಿಕೆಯೂ ಆಯಿತು.

ನಿರ್ದೇಶಕ ಬಿಡಲಿಲ್ಲ. “ಮೇಡಂ, ಅಮ್ಮ ಪ್ರತಿ ವಾರ ಬರಲಿ” ಎಂದ. ಗುಬ್ಬಿ ಕ್ಲಿನಿಕ್ಕಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು ಮೈಕಿನ ಮುಂದೆ ನಿಲ್ಲತೊಡಗಿದಳು. ಅಕ್ಕ ಬರೆದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, “ಅಕ್ಕ, ಇದು ಬಾಯಲ್ಲಿ ತಿರುಗ್ತಿಲ್ಲ ಕಣೆ. ಹೀಗೆ ಅಂದ್ರೆ?” ಎನ್ನುತ್ತಿದ್ದಳು. ಅವಳು ಹೇಳಿದ್ದು ಯಾವಾಗಲೂ ಹೆಚ್ಚು ಚೆನ್ನಾಗಿರುತ್ತಿತ್ತು. ದೊಡ್ಡವಳ ಕಿವಿ ಒಳ್ಳೆಯ ಮಾತನ್ನು ಗುರುತಿಸುವುದರಲ್ಲಿ ಪಳಗಿದ ಕಿವಿ. ಸುಳ್ಳು ಹೇಳಿಕೊಳ್ಳಲು ಅದು ಬಿಡುತ್ತಿರಲಿಲ್ಲ. “ಸರಿ, ಹಾಗೇ ಹೇಳು” ಎನ್ನುತ್ತಿದ್ದಳು, ದನಿಯಲ್ಲಿ ಏನೂ ತೋರಗೊಡದೆ.

ಹೊಟ್ಟೆಕಿಚ್ಚು ಎಂಬುದನ್ನು ಅವಳು ಕಥೆಗಳಲ್ಲಿ ಎಷ್ಟೋ ಸಲ ಬರೆದಿದ್ದಳು. ವಠಾರದ ಒಬ್ಬ ವಿಲನ್‌ಗಂತೂ ಪಕ್ಕದ ಮನೆಯವನ ಕೋಟೆಗಿಂತ ತನ್ನ ಕೋಟೆ ಚಿಕ್ಕದೆಂಬುದೇ ರೋಗ. ಅದು ಮೈಯಲ್ಲಿ ಎಲ್ಲಿರುತ್ತದೆಂದು ಮಾತ್ರ ಈಗ ತಿಳಿಯಿತು. ಎದೆಯ ಗೂಡಿನ ಕೆಳಗೆ, ಖಾಲಿ ಹೊಟ್ಟೆಯಲ್ಲಿ ಬಿಸಿ ಕಾಫಿ ಕುಡಿದಾಗ ಉರಿಯುತ್ತದಲ್ಲ, ಅಲ್ಲಿ. ತಂಗಿ ನಕ್ಕರೆ ಉರಿಯುತ್ತಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರು. ಗುಬ್ಬಿ ತಲೆ ಬಾಚಿಕೊಳ್ಳುತ್ತ ಮುಂದಿನ ವಾರದ ಮಾತುಗಳನ್ನು ಗುನುಗಿದರೆ ದೊಡ್ಡವಳು ಗೋಡೆಯ ಕಡೆ ಹೊರಳುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಒಬ್ಬ ಹೆಂಗಸು ಕೈ ಹಿಡಿದುಕೊಂಡು, “ನೀವು ಬೂದಿ ಅಮ್ಮನ ಅಕ್ಕ ಅಲ್ವಾ?” ಎಂದು ಸಂಭ್ರಮದಿಂದ ಕೇಳಿದಳು. ಆ ವಠಾರ, ಆ ನಲ್ಲಿ, ಆ ಬೂದಿ, ಆ ಬೂದಿಗೆ ಒಬ್ಬ ಅಮ್ಮ, ಇವನ್ನೆಲ್ಲ ಹುಟ್ಟಿಸಿದವಳು ನಾನು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, “ಹೌದು” ಎಂದು ಮಾತ್ರೆ ತೆಗೆದುಕೊಂಡು ಬಂದಳು.

ಇದೆಲ್ಲವನ್ನೂ ಅವಳು ಸಹಿಸುತ್ತಿದ್ದಳೋ ಏನೋ. ತಡೆಯಲಾಗದ್ದು ಭಾಷಣದ ವಿಷಯ.

ಆ ಭಾಷಣವನ್ನು ಅವಳು ತುಂಬ ದಿನ ಕೂತು ಬರೆದಿದ್ದಳು. ಅದರಲ್ಲಿ ಡಾಕ್ಟರ್ ಬೂದಿ ಮೊದಲ ಸಲ ತಮಾಷೆಗಲ್ಲದೆ ಮಾತಾಡುತ್ತಾನೆ. ನನ್ನನ್ನು ಯಾರೂ ಪೂರ್ತಿ ಕೇಳಿಸಿಕೊಂಡಿಲ್ಲ, ಅದಕ್ಕೇ ಲೋಕ ಸುಡಬೇಕೆಂದು ಹೊರಟೆ, ಸುಡುವ ಮೊದಲಾದರೂ ಜನ ನಿಂತು ಕೇಳಿಯಾರು ಎಂಬ ಆಸೆ, ಎನ್ನುತ್ತಾನೆ. ಹಿರಿಯ ನಟರು ಅದನ್ನು ಹೇಳುವಾಗ ಗಾಜಿನ ಈಚೆ ಎಲ್ಲರೂ ಕಲ್ಲಾಗಿದ್ದರು. ನಟರು ಭಾಷಣದ ಅರ್ಧಕ್ಕೆ ಬಂದಿದ್ದರು, ಅಷ್ಟರಲ್ಲಿ ಪಕ್ಕದ ಮೈಕಿನಿಂದ, “ಹ್ಞೂಂ, ಆಯ್ತಾ? ಮುಖ ತೊಳ್ಕೊಂಡು ಬಾ” ಎಂದು ಗುಬ್ಬಿ!

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು.

“ಅಲ್ಲಿಗೇ ಮುಗಿಸೋಣ ಮೇಡಂ” ಎಂದ ನಿರ್ದೇಶಕ. “ಮಿಕ್ಕಿದ್ದು ಬೇಡ. ಇದಕ್ಕಿಂತ ಒಳ್ಳೆ ಕೊನೆ ಸಿಗಲ್ಲ.”

“ಮಿಕ್ಕಿದ್ದರಲ್ಲೇ ಸಾರ್ ಇರೋದು ಎಲ್ಲ.”

“ಇದ್ದಿರಬಹುದು. ಆದ್ರೆ ನಗು ಬಂದುಬಿಡ್ತಲ್ಲ.”

ಗುಬ್ಬಿ ಹೊರಗೆ ಬಂದು ನಾಲಿಗೆ ಕಚ್ಚಿಕೊಂಡಳು. “ಸಾರಿ ಅಕ್ಕ, ತಡೆಯೋಕಾಗಲಿಲ್ಲ. ತಾನಾಗೇ ಬಂತು.” ತಾನಾಗೇ ಬಂತಂತೆ. ದೊಡ್ಡವಳಿಗೆ ಜೀವಮಾನದಲ್ಲಿ ಒಂದು ಸಾಲೂ ತಾನಾಗೇ ಬಂದಿರಲಿಲ್ಲ.

ಆ ವರ್ಷದ ಕೊನೆಯ ಕಂತನ್ನು ಗೊತ್ತು ಮಾಡಲು ಎಲ್ಲರೂ ಉದ್ದ ಮೇಜಿನ ಸುತ್ತ ಸೇರಿದಾಗ ದೊಡ್ಡವಳು, “ಅಮ್ಮನ್ನ ಸಾಯಿಸೋಣ” ಎಂದಳು.

ಚಿತ್ರಕಾರ ಪೆನ್ಸಿಲು ಕೆಳಗಿಟ್ಟ. ನಿರ್ದೇಶಕ, “ಕಾಮಿಡೀಲಿ ಸಾವಾ ಮೇಡಂ?” ಎಂದ.

“ಅದಕ್ಕೇ ಸಾರ್. ಯಾರೂ ಎದುರು ನೋಡಿರಲ್ಲ. ಎಲ್ಲಾ ವಿಲನ್‌ಗಳಿಗೂ ಚಿಕ್ಕಂದಿನಲ್ಲಿ ಒಂದು ಪೆಟ್ಟು ಬಿದ್ದಿರುತ್ತೆ, ಬೂದಿಗೆ ಬಿದ್ದಿಲ್ಲ. ಈಗ ಬೀಳಲಿ. ಮುಂದಿನ ವರ್ಷ ಅವನು ಸುಮ್ಮನೆ ಕೋತಿ ಆಗಿರಲ್ಲ, ಮನುಷ್ಯ ಆಗ್ತಾನೆ.”

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಕಥೆಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಅದೇ ಅವಳಿಗೆ ದೊಡ್ಡ ಆಸರೆಯಾಯಿತು. ನಿರ್ದೇಶಕ ಗಲ್ಲ ಕೆರೆದುಕೊಂಡು, “ಬರೀರಿ, ನೋಡೋಣ” ಎಂದ.

ರಜೆ ಹಾಕಿ, ಮಧ್ಯಾಹ್ನ ಅಮ್ಮ ಮಲಗಿದ್ದಾಗ ಊಟದ ಮೇಜಿನ ಮುಂದೆ ಕೂತು ಬರೆದಳು. ಡಾಕ್ಟರ್ ಬೂದಿ ತಾರಸಿಯ ಮೇಲೆ ಯಂತ್ರ ಹೂಡಿ ಭಾಷಣ ಶುರು ಮಾಡಿದ್ದಾನೆ. ಅಮ್ಮ ಒಣಗಿದ ಬಟ್ಟೆ ತರಲು ಮೇಲೆ ಬರುತ್ತಾಳೆ. ಯಂತ್ರ ಕೆಟ್ಟು ಕೆಂಡವಾಗುತ್ತಿರುವುದು ಅವಳಿಗೆ ಕಾಣುತ್ತದೆ, ಮಾತಿನ ಭರದಲ್ಲಿರುವ ಮಗನಿಗೆ ಕಾಣುವುದಿಲ್ಲ. ಕೆಂಪು ಗುಂಡಿ ಒತ್ತುತ್ತಾಳೆ, ಅದು ಸಿಕ್ಕಿಹಾಕಿಕೊಂಡಿದೆ. ಹಗ್ಗದ ಮೇಲಿನ ಒದ್ದೆ ದುಪ್ಪಟಿ ಎಳೆದು ಯಂತ್ರಕ್ಕೆ ಸುತ್ತಿ, ಅದನ್ನು ತಬ್ಬಿಕೊಂಡು ಅಂಚಿನತ್ತ ತಳ್ಳುತ್ತಾಳೆ. ಮಗ ತಿರುಗಿ ನೋಡಿ ಮಾತು ನಿಲ್ಲಿಸುತ್ತಾನೆ. ಆಗ ಅಮ್ಮ, “ನಿಲ್ಲಿಸಬೇಡ್ವೋ, ಪೂರ್ತಿ ಹೇಳು. ಕೇಳ್ತಾ ಇದ್ದೀನಿ” ಎನ್ನುತ್ತಾಳೆ. ಯಂತ್ರದ ಜೊತೆಗೆ ಅವಳೂ ಕೆಳಗೆ ಬೀಳುತ್ತಾಳೆ.

ಆ ಮಾತನ್ನು ಬರೆದಾಗ ದೊಡ್ಡವಳ ಕಣ್ಣಿನಿಂದ ನೀರು ಹಾಳೆಯ ಮೇಲೆ ತೊಟ್ಟಿಕ್ಕಿತು. ಅಳುತ್ತಲೇ ಒಳಗೊಳಗೆ ಖುಷಿಪಟ್ಟಳು. ಇಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಹೆಣ ತೋರಿಸಬಾರದೆಂದು ತಾನೇ ಕಾಪಾಡಿಕೊಂಡು ಬಂದ ವರಸೆಯನ್ನು ಮುರಿದು ಇನ್ನೊಂದು ಸಾಲು ಸೇರಿಸಿದಳು: ಕೆಳಗೆ ಅಂಗಳ. ದುಪ್ಪಟಿ ಹೊದಿಸಿದ ದೇಹ. ಒಂದು ಪಾದ ಹೊರಗೆ ಕಾಣುತ್ತದೆ. ವಠಾರದವರೆಲ್ಲ ಟೋಪಿ ತೆಗೆದು ನಿಂತಿದ್ದಾರೆ. ಬೂದಿಯ ಅಮ್ಮ ತಿರುಗಿ ಬರಲು ಒಂದು ಸಣ್ಣ ಕಿಂಡಿಯಾದರೂ ಉಳಿದಿದೆಯೇ ಎಂದು ಎರಡೆರಡು ಸಲ ಓದಿ ನೋಡಿದಳು. ಉಳಿದಿರಲಿಲ್ಲ.

ಧ್ವನಿಮುದ್ರಣದ ದಿನ ಗುಬ್ಬಿ ಓಣಿಯಂಥ ಮೊಗಸಾಲೆಯ ಬೆಂಚಿನ ಮೇಲೆ ಕೂತು ಹಾಳೆಗಳನ್ನು ಓದಿದಳು. ದೊಡ್ಡವಳು ನೀರು ಕುಡಿಯುವ ನೆಪದಲ್ಲಿ ಅಲ್ಲೇ ಸುಳಿದಾಡಿದಳು. ಗುಬ್ಬಿ ಕೊನೆಯ ಹಾಳೆ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಎದ್ದು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅಂದು ಅವಳು ಒಂದಕ್ಷರ ಬದಲಿಸಲಿಲ್ಲ. ಅಲ್ಪವಿರಾಮ ಇದ್ದಲ್ಲಿ ನಿಂತಳು, ಇಲ್ಲದಲ್ಲಿ ನಿಲ್ಲಲಿಲ್ಲ. ‘ಹ್ಞೂಂ’ ಸಹ ಹಾಳೆಯಲ್ಲಿ ಇದ್ದಲ್ಲಿ ಮಾತ್ರ. ಅಕ್ಕನ ಮಾತನ್ನು ಅಕ್ಕ ಕೇಳಿಸಿಕೊಂಡ ಹಾಗೆಯೇ ಹೇಳಿದಳು. ಹೀಗೆ ಒಮ್ಮೆಯಾದರೂ ನಡೆಯಲೆಂದು ದೊಡ್ಡವಳು ಎಷ್ಟು ದಿನ ಹಂಬಲಿಸಿದ್ದಳೋ! ನಡೆದಾಗ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. “ಪೂರ್ತಿ ಹೇಳು. ಕೇಳ್ತಾ ಇದ್ದೀನಿ” ಎಂದಾಗ ಧ್ವನಿಮುದ್ರಣದವನು ಮುಖ ಆ ಕಡೆ ತಿರುಗಿಸಿಕೊಂಡ.

ಹೊರಗೆ ಬಂದ ಗುಬ್ಬಿ ಚಪ್ಪಲಿ ಹಾಕಿಕೊಳ್ಳುತ್ತ, ತಲೆಯೆತ್ತದೆ ಕೇಳಿದಳು. “ಹೆಣ ತೋರಿಸ್ತೀರಾ ಅಕ್ಕ?”

“ತೋರಿಸ್ತೀವಿ.”

“ಹಾಗಾದ್ರೆ ನಿಜವಾಗ್ಲೂ ಸತ್ತೆ” ಎಂದು ಗುಬ್ಬಿ ಕ್ಲಿನಿಕ್ಕಿಗೆ ತಡವಾಯಿತೆಂದು ಹೊರಟುಹೋದಳು.

ಕಂತು ಪ್ರಸಾರವಾದ ಭಾನುವಾರ ಗುಬ್ಬಿ ಗೆಳತಿಯ ಮನೆಗೆಂದು ಬೆಳಗ್ಗೆಯೇ ಹೊರಟಿದ್ದಳು. ಅಮ್ಮ, ದೊಡ್ಡವಳು ಇಬ್ಬರೇ. ಅಮ್ಮ ಬಟ್ಟೆಯ ರಾಶಿ ಇಟ್ಟುಕೊಂಡು ಕೂತಳು. ತಾರಸಿಯ ದೃಶ್ಯ ಬಂದಾಗ ಮಡಿಸುವುದನ್ನು ನಿಲ್ಲಿಸಿದಳು. ಅಂಗಳದಲ್ಲಿ ದುಪ್ಪಟಿ ಹೊದಿಸಿದ ದೇಹ ಕಂಡಿತು, ಹೆಸರುಗಳು ಮೇಲೇರಿದವು, ಜಾಹೀರಾತು ಶುರುವಾಯಿತು. ಅಮ್ಮ ಎದ್ದು ಟೀವಿ ಆರಿಸಿದಳು.

“ನನ್ನನ್ನ ಯಾಕೆ ಸಾಯಿಸಿದೆ?”

ದೊಡ್ಡವಳು ಅಮ್ಮನ ಕಡೆ ತಿರುಗಿದಳು. “ಏನಮ್ಮ ಇದು, ಕಾರ್ಟೂನು ಅದು. ಬೂದಿಯ ಅಮ್ಮ.”

“ಮಾತು ನಂದು, ದನಿ ನಂದು, ಬೈಗುಳ ನಂದು. ಸಾಯೋವಾಗ ಮಾತ್ರ ಬೂದಿಯ ಅಮ್ಮನಾ?” ಅಮ್ಮ ಕೂಗಾಡಲಿಲ್ಲ. ಮಡಿಸಿದ್ದ ಲಂಗವನ್ನು ಬಿಡಿಸಿ ಮತ್ತೆ ಮಡಿಸಿದಳು. “ಅವಳು ನಗಿಸಿದ್ದು ನಿಂಗೆ ಸೇರಿಬರಲಿಲ್ಲ. ನೀನು ಚಿಕ್ಕವಳಿದ್ದಾಗಲೂ ಹಾಗೇ. ಅವಳನ್ನ ಎತ್ಕೊಂಡ್ರೆ ನೀನು ಹೋಗಿ ಬಾಗಿಲ ಹಿಂದೆ ನಿಂತ್ಕೋತಿದ್ದೆ.”

“ನೀನು ನಾನು ಬರೆದಿದ್ದಕ್ಕೆ ಒಂದು ದಿನವಾದ್ರೂ ನಕ್ಕಿದ್ದೀಯೇನಮ್ಮ?” ದೊಡ್ಡವಳ ಬಾಯಿಂದ ಅದು ಬಂದೇಬಿಟ್ಟಿತು, ಇಷ್ಟು ವರ್ಷದ ಮೇಲೆ. “ತಲೆ ಎತ್ತಿ ನೋಡ್ತಿರಲಿಲ್ಲ. ಬಟ್ಟೆ ಮಡಿಸ್ತಾ ಇರ್ತಿದ್ದೆ. ಅವಳು ಒಂದು ಹ್ಞೂಂ ಅಂದಿದ್ದಕ್ಕೆ ಟವೆಲು ಬೀಳಿಸಿಕೊಂಡೆ.”

ಅಮ್ಮ ಕೈಯಲ್ಲಿದ್ದ ಲಂಗವನ್ನು ಪಕ್ಕಕ್ಕಿಟ್ಟಳು.

“ನಿನ್ನ ಬೂದಿ ಡಾಕ್ಟರು ನಿಮ್ಮಪ್ಪನ ಹಾಗೆ ಮಾತಾಡ್ತಾನೆ ಕಣೆ. ಆಫೀಸಿಂದ ಬಂದು ಅವರು ಊಟಕ್ಕೆ ಕೂತು ಭಾಷಣ ಹೊಡೀತಿರಲಿಲ್ವಾ, ನಾಳೆ ದೊಡ್ಡ ಸಾಹೇಬರಿಗೆ ಹೀಗೆ ಹೇಳ್ತೀನಿ, ಹಾಗೆ ಹೇಳ್ತೀನಿ ಅಂತ? ಬೆಳಗ್ಗೆ ಎದ್ದು ತಲೆ ತಗ್ಗಿಸ್ಕೊಂಡು ಹೋಗ್ತಿದ್ರು. ಅದೇ ಮಾತು, ಅದೇ ಏರು, ಅದೇ ಇಳಿತ. ತೀರಿಹೋದ ಮನುಷ್ಯ ಪ್ರತಿ ಭಾನುವಾರ ಬಂದು ಮಾತಾಡ್ತಿದ್ರೆ ನಗು ಹೇಗೆ ಬರುತ್ತೆ? ತಲೆ ಎತ್ತಿದ್ರೆ ನೀನು ನೋಡಿಬಿಡ್ತೀಯಾ ಅಂತ ಬಟ್ಟೆ ಮಡಿಸ್ತಿದ್ದೆ.”

ದೊಡ್ಡವಳಿಗೆ ಇದು ಗೊತ್ತೇ ಇರಲಿಲ್ಲ. ಅಪ್ಪನನ್ನು ನೆನೆದು ಅವಳು ಒಂದು ಸಾಲೂ ಬರೆದಿರಲಿಲ್ಲ, ಬರೆದಿರಲಿಲ್ಲವೆಂದೇ ತಿಳಿದಿದ್ದಳು. ಇಷ್ಟು ಕಾಲ ಬಾರದ ನಗುವನ್ನೇ ಕಾಯುತ್ತ, ಕಣ್ಣೆದುರೇ ಇದ್ದ ಅಮ್ಮನ ದುಃಖವನ್ನು ಕಂಡಿರಲಿಲ್ಲ. ಅಮ್ಮನ ಕಾಲ ಹತ್ತಿರ ಕೂತು ಅತ್ತಳು. ಹಾಗೆಂದು ಉರಿ ಆರಿತೆಂದಲ್ಲ. ಅಮ್ಮ ಬೆನ್ನು ಸವರುತ್ತಿದ್ದಾಗಲೂ ಒಂದು ಮೂಲೆಯಲ್ಲಿ, ಅದರ ಬದಲು ಒಂದು ಸಲ ನಕ್ಕಿದ್ದರೂ ಸಾಕಿತ್ತಲ್ಲ ಎಂದೇ ಅನ್ನಿಸುತ್ತಿತ್ತು.

ಮರುದಿನ ಆಫೀಸಿನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಬೂದಿಯ ಅಮ್ಮ ಬೇಕೇ ಬೇಕೆಂದು ಮಕ್ಕಳು ಅತ್ತರಂತೆ, ಮಕ್ಕಳ ಅಜ್ಜಂದಿರು ಬೈದರಂತೆ. ನಿರ್ದೇಶಕ ಹಣೆ ಚಚ್ಚಿಕೊಂಡ. “ಹೆಣ ಬೇರೆ ತೋರಿಸಿಬಿಟ್ಟಿದ್ದೀವಿ ಮೇಡಂ! ಇನ್ನೇನಿದ್ರೂ ಅವಳಿ ತಂಗಿ ಒಬ್ಬಳೇ ದಾರಿ. ಅಮ್ಮನ ಹಾಗೇ ಇರೋ ಚಿಕ್ಕಮ್ಮ. ಎಲ್ಲರೂ ಮಾಡಿರೋದೇ, ಪರವಾಗಿಲ್ಲ. ನಿಮ್ಮ ತಂಗಿಗೆ ಹೇಳಿ.”

ಹೇಳುವಷ್ಟರಲ್ಲಿ ಗುಬ್ಬಿಯೇ ಬಂದು ಹೇಳಿದಳು. ಸಾವಿನ ಕಂತು ನೋಡಿದ ಇನ್ನೊಂದು ಊರಿನ ಕಂಪನಿಯವರು ಅವಳನ್ನು ಕರೆದಿದ್ದರು. ಹೊಸ ಕಾರ್ಟೂನು, ನಾಯಕಿಯ ದನಿ ಅವಳದೇ. ಕ್ಲಿನಿಕ್ಕಿನ ಕೆಲಸ ಬಿಟ್ಟಾಗಿತ್ತು. “ನಗಿಸೋದೂ ಬರುತ್ತೆ, ಅಳಿಸೋದೂ ಬರುತ್ತೆ ಅಂತ ಗೊತ್ತಾಗಿದ್ದು ಈಗಲೇ ಅಂದ್ರು” ಎಂದಳು, ಅಕ್ಕನ ಕಡೆ ನೋಡದೆ.

ತಂಗಿಯನ್ನು ಕೆಳಕ್ಕೆ ತಳ್ಳಲು ಬರೆದದ್ದೇ ಅವಳನ್ನು ಮೇಲೆ ಎತ್ತಿತ್ತು. ದೊಡ್ಡವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿರ್ದೇಶಕ ಮಾತ್ರ ಸೋಲಲಿಲ್ಲ. “ಹೋಗಲಿ ಬಿಡಿ. ಅದೇ ದನಿ ತೆಗೆಯೋ ಹುಡುಗಿ ಒಬ್ಬಳಿದ್ದಾಳೆ. ಕ್ಯಾಸೆಟ್ಟು ಹಾಕಿ ಕಲಿಸಿದ್ರೆ ವಾರದಲ್ಲಿ ಹಿಡೀತಾಳೆ. ಯಾರಿಗೂ ವ್ಯತ್ಯಾಸ ತಿಳಿಯಲ್ಲ” ಎಂದ.

ತಂಗಿಯ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಬಹುದು, ಅವಳೇನೂ ಮಹಾ ಅಲ್ಲ ಎಂದು ಲೋಕಕ್ಕೆ ತೋರಿಸಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಹಿಂದಿನ ತಿಂಗಳಾಗಿದ್ದರೆ ದೊಡ್ಡವಳು ಕುಣಿದಾಡಿಬಿಡುತ್ತಿದ್ದಳು.

“ತಿಳಿಯುತ್ತೆ ಸಾರ್” ಎಂದಳು. “ನಂಗೆ ತಿಳಿಯುತ್ತೆ. ಆ ದನಿ ಯಾರಿಗೂ ಬರಲ್ಲ. ಮಾತು ಬರೆದುಕೊಡಬಹುದು, ಎಲ್ಲಿ ಅಡ್ಡ ಬಾಯಿ ಹಾಕಬೇಕು ಅನ್ನೋದನ್ನ ಬರೆದುಕೊಡೋಕಾಗಲ್ಲ. ಅದು ಅವಳಿಗೇ ಗೊತ್ತಿರೋದು. ಚಿಕ್ಕಮ್ಮ ಬೇಡ. ಬೇಕೇಬೇಕು ಅಂದ್ರೆ ಬೇರೆಯವರ ಕೈಲಿ ಬರೆಸಿ.”

ನಿರ್ದೇಶಕ ಬೆಪ್ಪಾಗಿ ನೋಡಿದ. ಅವಳಿಗೂ ತನ್ನ ಮಾತು ಕೇಳಿ ಆಶ್ಚರ್ಯವಾಯಿತು. ಅದನ್ನು ಹೇಳುವಾಗ ಸಂತೋಷವೇನೂ ಆಗಿರಲಿಲ್ಲ. ಹಲ್ಲು ಕೀಳಿಸಿಕೊಂಡಷ್ಟೇ ನೋವಾಗಿತ್ತು.

ಗುಬ್ಬಿ ಹೊರಡುವ ದಿನ ಬೆಳಗ್ಗೆ ಇಬ್ಬರ ಮಂಚದ ನಡುವೆ ಪೆಟ್ಟಿಗೆ ತೆರೆದುಕೊಂಡು ಬಿದ್ದಿತ್ತು. ದೊಡ್ಡವಳು ಬಾಗಿಲಿಗೆ ಒರಗಿ ನಿಂತಿದ್ದಳು. ಗುಬ್ಬಿ ಒಂದು ರವಿಕೆ ಮಡಿಸುತ್ತ ಕೇಳಿದಳು. “ಅಕ್ಕ, ನಿಜ ಹೇಳ್ಬೇಕು. ಆ ಸಾವು ಕಥೆಗೆ ಬೇಕಿತ್ತಾ, ನಿಂಗೆ ಬೇಕಿತ್ತಾ?”

ಬಾಲ್ಯದ ಪೆಟ್ಟು, ಬೂದಿ ಮನುಷ್ಯನಾಗುವುದು, ಎಲ್ಲ ನಾಲಿಗೆಯ ಮೇಲೆ ಸಿದ್ಧವಾಗಿತ್ತು. “ನಂಗೆ ಬೇಕಿತ್ತು” ಎಂದಳು ದೊಡ್ಡವಳು.

ಗುಬ್ಬಿ ರವಿಕೆಯನ್ನು ಪೆಟ್ಟಿಗೆಯಲ್ಲಿಟ್ಟಳು. “ಗೊತ್ತಿತ್ತು. ಹಾಳೆ ಓದಿದಾಗಲೇ ಗೊತ್ತಾಯ್ತು. ನೀನು ಯಾವತ್ತೂ ಹೆಣ ತೋರಿಸಿದವಳಲ್ಲ.” ಇನ್ನೊಂದು ರವಿಕೆ ಕೈಗೆತ್ತಿಕೊಂಡಳು. “ಅದಕ್ಕೇ ಒಂದಕ್ಷರ ಬದಲಾಯಿಸಲಿಲ್ಲ. ನೀನು ಹೇಗೆ ಕೊಂದೆಯೋ ಹಾಗೇ ಸಾಯೋಣ ಅಂತ.”

“ಕೋಪ ಬಂದಿದೆಯಾ?”

“ಬರದೆ ಇರುತ್ತಾ? ಇನ್ನೂ ಸ್ವಲ್ಪ ದಿನ ಇರುತ್ತೆ. ತಬ್ಬಿಕೊಂಡು ಅತ್ತುಬಿಟ್ರೆ ಹೋಗಲ್ಲ ಅದು, ಸುಮ್ನೆ ಆ ನಾಟಕ ಬೇಡ.”

ದೊಡ್ಡವಳು ಆ ನಾಟಕ ಮಾಡಲಿಲ್ಲ. ಪೆಟ್ಟಿಗೆ ಮುಚ್ಚಿಕೊಳ್ಳದಿದ್ದಾಗ ಅದರ ಮೇಲೆ ಹೋಗಿ ಕೂತಳು. ಗುಬ್ಬಿ ಕೊಂಡಿ ಹಾಕಿದಳು. ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡುತ್ತ ಕೂತರು.

‘ಖಳರ ವಠಾರ’ ಅಮ್ಮನಿಲ್ಲದೆಯೇ ಮುಂದುವರಿಯಿತು. ಡಾಕ್ಟರ್ ಬೂದಿ ಭಾಷಣ ಶುರು ಮಾಡುತ್ತಾನೆ, ಅರ್ಧಕ್ಕೆ ಬಂದಾಗ ತಾನಾಗಿಯೇ ನಿಂತು ಬಾಗಿಲ ಕಡೆ ನೋಡುತ್ತಾನೆ. ಯಾರೂ ಬರುವುದಿಲ್ಲ. ಕಟ್ಟಿಹಾಕಿಸಿಕೊಂಡ ಹೀರೋನೇ, “ಮುಂದೆ ಹೇಳು ಮಾರಾಯ” ಎನ್ನುತ್ತಾನೆ. ಜನರಿಗೆ ಅದು ಹಿಡಿಸಿತು. ಮೊದಲಿನಷ್ಟು ಅಲ್ಲ, ಆದರೂ ಹಿಡಿಸಿತು.

ಗುಬ್ಬಿ ಅಮ್ಮನಿಗೆ ಮಾತ್ರ ಫೋನು ಮಾಡುತ್ತಿದ್ದಳು. “ಅಕ್ಕ ಹೇಗಿದ್ದಾಳೆ?” ಎಂದು ಕೇಳುತ್ತಿದ್ದಳಂತೆ, “ಕೊಡ್ಲಾ?” ಎಂದರೆ “ಬೇಡ” ಎನ್ನುತ್ತಿದ್ದಳಂತೆ. ಹೀಗೇ ಒಂದು ಋತು ಕಳೆಯಿತು.

ಗುಬ್ಬಿಯ ಹೊಸ ಕಾರ್ಟೂನು ಶುರುವಾದ ಬೆಳಗ್ಗೆ ದೊಡ್ಡವಳು ಅಮ್ಮನ ಪಕ್ಕ ಮುಖ ಗಂಟಿಕ್ಕಿಕೊಂಡು ಕೂತಳು. ನಗಬಾರದೆಂದು ತೀರ್ಮಾನವನ್ನೇನೂ ಮಾಡಿರಲಿಲ್ಲ, ಆದರೆ ತುಟಿ ಬಿಗಿದುಕೊಂಡಿತ್ತು. ಕಥೆಯ ನಾಯಕಿಯೇ ಒಬ್ಬ ವಿಲನ್ ಹೆಂಗಸು, ಬ್ಯಾಂಕು ದೋಚಲು ಹೋಗಿ ಸರದಿಯಲ್ಲಿ ನಿಂತು ಸುಸ್ತಾಗಿ ಗುಮಾಸ್ತನಿಗೆ ಬುದ್ಧಿ ಹೇಳುತ್ತಾಳೆ. ಗುಬ್ಬಿಯ ದನಿ ಈ ಸಲ ಅಮ್ಮನದಲ್ಲ, ಯಾರದೂ ಅಲ್ಲ, ಅವಳದೇ. “ಬಂದೂಕು ಹಿಡ್ಕೊಂಡು ಬಂದವರಿಗೂ ಟೋಕನ್ನಾ? ಸರಿ ಕೊಡಿ, ನನ್ನ ಹಿಂದೆ ಎಷ್ಟು ಜನ ಇದ್ದಾರೆ?” ಎಂದಾಗ ದೊಡ್ಡವಳು ಫಕ್ಕನೆ ನಕ್ಕುಬಿಟ್ಟಳು. ಅಮ್ಮ ತಿರುಗಿ ನೋಡಿದಳು. ಆಮೇಲೆ ನಿಲ್ಲಿಸಲಾಗಲಿಲ್ಲ.

ಕೊನೆಗೆ ಹೆಸರುಗಳು ಮೇಲೇರತೊಡಗಿದವು. ಬರೆದವರು ಯಾರೋ ಒಬ್ಬ, ಅವಳು ಕೇಳಿರದ ಹೆಸರು. ಎದೆಯ ಗೂಡಿನ ಕೆಳಗೆ ಅದೇ ಜಾಗದಲ್ಲಿ ಚುರ್ರೆಂದಿತು. ಯಾರಿವನು? ನನ್ನ ತಂಗಿಗೆ ಮಾತು ಬರೆದುಕೊಡೋಕೆ ಇವನ್ಯಾರು?

ಎದ್ದು ಗುಬ್ಬಿಗೆ ಫೋನು ಮಾಡಿದಳು. ಆ ಕಡೆ ಬಹಳ ಹೊತ್ತು ಹೊಡೆದುಕೊಂಡ ಮೇಲೆ, “ಹೇಳಕ್ಕ” ಎಂದಳು ಗುಬ್ಬಿ.

“ಆ ಟೋಕನ್ ಮಾತು ನೀನು ಹೇಳಿದ್ದಾ, ಅವನು ಬರೆದಿದ್ದಾ?”

“ಅವನೇ ಬರೆದಿದ್ದು. ಬಾಯಲ್ಲಿ ಸಲೀಸಾಗಿ ತಿರುಗ್ತು, ಬದಲಾಯಿಸಲಿಲ್ಲ.”

ದೊಡ್ಡವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

“ಅಕ್ಕ? ಹೊಟ್ಟೆಕಿಚ್ಚಾ?”

“ಹೂಂ.”

ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು. ಕೋಪ ಪೂರ್ತಿ ಹೋಗಿರಲಿಲ್ಲ, ನಗುವಿನಲ್ಲೇ ಅದು ತಿಳಿಯುತ್ತಿತ್ತು.

“‘ನನ್ನ ಮುಂದೆ’ ಅಂತ ಇರಬೇಕಿತ್ತು” ಎಂದಳು ದೊಡ್ಡವಳು. “ಸರದೀಲಿ ನಿಂತವರು ಮುಂದಿನವರನ್ನ ಎಣಿಸ್ತಾರೆ, ಹಿಂದಿನವರನ್ನಲ್ಲ. ಅವನಿಗೆ ಹೇಳು.”

“ನೀನೇ ಹೇಳು. ನಂಬರು ಕೊಡ್ತೀನಿ, ಬರ್ಕೋ” ಎಂದಳು ಗುಬ್ಬಿ.

ದೊಡ್ಡವಳು ಪೆನ್ನಿಗಾಗಿ ಅತ್ತಿತ್ತ ತಡಕಾಡಿದಳು.